ಊರಿನ ಹೆಸರಿಗೆ ಇಂಗ್ಲಿಷಿನಲ್ಲಿ ಒಂದೇ ರೂಪವಿರಲಿ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಸಾದರ ವಂದನೆಗಳು.

ನಮ್ಮ ಜಿಲ್ಲೆಯ ಪ್ರತಿಯೊಂದು ಊರಿಗೂ ಇಂಗ್ಲಿಷಿನಲ್ಲಿ ಒಂದೇ ಸ್ಪೆಲ್ಲಿಂಗ್ ಗೊತ್ತುಪಡಿಸಿ, ಆ ಪಟ್ಟಿಯನ್ನು ಜಿಲ್ಲಾಡಳಿತದಿಂದ ಪ್ರಕಟಿಸಿ, ಪಹಣಿಯಿಂದ ಹಿಡಿದು ರಸ್ತೆಬದಿಯ ನಾಮಫಲಕದವರೆಗೆ ಅದನ್ನೇ ಬಳಸುವಂತೆ ಎಲ್ಲ ಇಲಾಖೆಗಳಿಗೆ ಸೂಚಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಕುಮಟಾ ಸೀಮೆಯ ಶಾಲೆಗಳಲ್ಲಿ ಬಹುಕಾಲ ಇಂಗ್ಲಿಷ್ ಕಲಿಸಿದ ನನಗೆ ಇದು ಸಣ್ಣ ಸಂಗತಿಯೆಂದು ಎಂದೂ ಅನ್ನಿಸಿಲ್ಲ.

ನಾವು ಅಂಕಿತನಾಮವೆಂದು ಕರೆಯುವ ಪದಗಳಿಗೆ ಕನ್ನಡ ಲಿಪಿಯಲ್ಲಿ ಬೇರೆ ಗುರುತಿಲ್ಲ, ಏಕೆಂದರೆ ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವೇ ಇಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಹೆಸರಿನ ಮೊದಲಕ್ಷರ ಕ್ಯಾಪಿಟಲ್ ಆಗಬೇಕು, ಮತ್ತು ಹೆಸರಿಗೆ ಮೊದಲು 'ದಿ' ಬರುವುದೋ ಇಲ್ಲವೋ ಎಂಬುದರಿಂದಲೂ ಅರ್ಥ ಬದಲಾಗುತ್ತದೆ. ಅಘನಾಶಿನಿ ಎಂಬುದು ನದಿಯ ಹೆಸರೂ ಹೌದು, ಅದರ ಅಳಿವೆಯ ಪಕ್ಕದ ಊರಿನ ಹೆಸರೂ ಹೌದು. 'ದಿ' ಸೇರಿದರೆ ನದಿ, ಸೇರದಿದ್ದರೆ ಊರು. ಕೊಂಕಣ ರೈಲ್ವೆಯ ಗೋಕರ್ಣ ರೋಡ್ ನಿಲ್ದಾಣ ಗೋಕರ್ಣದ ಪೇಟೆಯಿಂದ ಹಲವು ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ 'ರೋಡ್' ಎಂಬುದು ನಿಲ್ದಾಣದ ಹೆಸರಿನ ಭಾಗವಾದ್ದರಿಂದ ಅದರ ಮೊದಲಕ್ಷರವೂ ಕ್ಯಾಪಿಟಲ್ಲೇ. ಗೋಕರ್ಣಕ್ಕೆ ಹೋಗುವ ರಸ್ತೆಯ ಬಗ್ಗೆ ಬರೆಯುವಾಗ ಮಾತ್ರ ಅದು ಸಣ್ಣಕ್ಷರದ ಸಾಮಾನ್ಯ ಪದ. ಹಾಗೆಯೇ ಜಿಲ್ಲೆಯ ಹೆಸರಿನಲ್ಲಿರುವ 'ಉತ್ತರ'ವನ್ನು ಇಂದಿನ ಇಂಗ್ಲಿಷ್ ಕಾಗದಗಳಲ್ಲಿ 'ನಾರ್ತ್' ಎಂದು ಬದಲಿಸಬಾರದು. ಹೆಸರನ್ನು ಲಿಪ್ಯಂತರಿಸಬೇಕೇ ಹೊರತು ಅನುವಾದಿಸಬಾರದು.

ಸ್ಪೆಲ್ಲಿಂಗಿನ ಗೊಂದಲಕ್ಕೆ ಕಾರಣಗಳು ತಮಗೆ ತಿಳಿಯದವಲ್ಲ. ಇಂಗ್ಲಿಷ್ ಲಿಪಿಯಲ್ಲಿ ಲ ಮತ್ತು ಳ, ನ ಮತ್ತು ಣ, ದ ಮತ್ತು ಡ ಬೇರೆಬೇರೆಯಾಗಿ ಕಾಣುವುದಿಲ್ಲ. ತಕಾರಕ್ಕೆ ದಕ್ಷಿಣದವರು ಟಿ ಜೊತೆಗೆ ಎಚ್ ಸೇರಿಸುವುದು ರೂಢಿ, ಉತ್ತರದವರು ಬರೀ ಟಿ ಬರೆಯುತ್ತಾರೆ. ಹಾಗಾಗಿ ಶರಾವತಿಗೇ ಎರಡು ರೂಪಗಳು. ಇದರ ಮೇಲೆ ಚರಿತ್ರೆಯ ಭಾರವೂ ಇದೆ. 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ನಮ್ಮ ಜಿಲ್ಲೆ 1956ರಲ್ಲಷ್ಟೇ ಮೈಸೂರು ರಾಜ್ಯಕ್ಕೆ ಬಂದಿತು; ಹಾಗಾಗಿ ಬೇರೆಬೇರೆ ಆಡಳಿತಗಳ ಬರವಣಿಗೆಯ ರೂಢಿಗಳು ನಮ್ಮ ಹೆಸರುಗಳಲ್ಲಿ ಬೆರೆತಿವೆ. ಶಿರಸಿ, ಕುಮಟಾ, ಕಾರವಾರ ಈ ಮೂರೂ ಹೆಸರುಗಳ ನಡುವಿನ ಅಕಾರ ಇಂಗ್ಲಿಷ್ ರೂಪದಲ್ಲಿ ಬಿದ್ದುಹೋಗಿದೆ. ಗೇರುಸೊಪ್ಪೆಯ ಪಾಡು ಇನ್ನೂ ಕಷ್ಟದ್ದು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಜೋಗ ಜಲಪಾತಕ್ಕೇ 'ಗೇರ್ಸೊಪ್ಪಾ ಫಾಲ್ಸ್' ಎಂದು ಹೆಸರು. ಊರನ್ನು ಇಂದು ಕೆಲವರು ನಡುವಿನ ಉಕಾರವಿಲ್ಲದೆ, ಕೆಲವರು ಅದನ್ನು ಸೇರಿಸಿ, ಕೆಲವರು ಕೊನೆಯಲ್ಲಿ ಎ ಇಟ್ಟು, ಕೆಲವರು ಇ ಇಟ್ಟು ಬರೆಯುತ್ತಾರೆ. ಸೋಂದಾ, ಸೋದೆ, ಸ್ವಾದಿ ಎಂದು ಕನ್ನಡದಲ್ಲೇ ಹಲವು ಹೆಸರುಳ್ಳ ಊರನ್ನು ಹೊರಗಿನವರು ಹುಡುಕುವುದು ಹೇಗೆ?

ಇದರ ಬಿಸಿ ತಟ್ಟುವುದು ಸಾಮಾನ್ಯ ಜನರಿಗೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಜನನ ಪ್ರಮಾಣಪತ್ರದಲ್ಲಿ ಹಳದೀಪುರ ಒಂದು ರೀತಿ, ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇದ್ದುದರಿಂದ, ಎರಡೂ ಒಂದೇ ಊರು ಎಂದು ಆಕೆ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ಹುಟ್ಟಿದ ಊರಿನ ಹೆಸರಿಗೆ ಪ್ರಮಾಣ ಮಾಡಿಸುವ ಪ್ರಸಂಗ ಯಾವ ಹುಡುಗಿಗೂ ಬರಬಾರದು.

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಕನ್ನಡದ ಉಚ್ಚಾರಕ್ಕೆ ಹತ್ತಿರವಾದವು. ಬೆಂಗಳೂರು, ಮೈಸೂರು, ಬೆಳಗಾವಿ ಆ ಪಟ್ಟಿಯಲ್ಲಿದ್ದವು. ನಮ್ಮ ಜಿಲ್ಲೆಯ ಯಾವ ಊರೂ ಇರಲಿಲ್ಲ. ಆದರೂ ಕಾರವಾರ, ಶಿರಸಿಗಳ ರೂಢಿಯ ರೂಪವನ್ನು ಬದಲಿಸಿರೆಂದು ನಾನು ಕೇಳುತ್ತಿಲ್ಲ. ಅದಕ್ಕೆ ರಾಜ್ಯ ಸರ್ಕಾರದ ತೀರ್ಮಾನವೂ ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆಯೂ ಬೇಕು. ಅಲ್ಲದೆ, ಉಚ್ಚಾರಕ್ಕೆ ಪೂರ್ತಿ ಹೊಂದುವ ಸ್ಪೆಲ್ಲಿಂಗಿಗಿಂತ ಎಲ್ಲ ಕಡೆಯೂ ಒಂದೇ ಆಗಿರುವ ಸ್ಪೆಲ್ಲಿಂಗ್ ಜನರಿಗೆ ಹೆಚ್ಚು ಉಪಕಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಭೌಗೋಳಿಕ ಹೆಸರುಗಳನ್ನು ಒಂದೇ ರೂಪಕ್ಕೆ ತರುವ ಕುರಿತು ವಿಶ್ವಸಂಸ್ಥೆ 1967ರಲ್ಲೇ ಜಿನೀವಾದಲ್ಲಿ ಸಮ್ಮೇಳನ ನಡೆಸಿತ್ತು. ತಾಲೂಕು ಮಟ್ಟದಲ್ಲಿ ಆ ಕೆಲಸ ಮಾಡಲು ತಹಶೀಲ್ದಾರರ ಕಚೇರಿ ಸಾಕು.

ಕಂದಾಯ ಗ್ರಾಮಗಳ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು, ಪ್ರತಿ ಹೆಸರಿನ ಕನ್ನಡ ರೂಪದ ಎದುರಿಗೆ ಇಂಗ್ಲಿಷ್ ರೂಪವನ್ನು ಬರೆಯಿಸಿರಿ. ತಕರಾರಿರುವ ಹೆಸರುಗಳನ್ನು ಗ್ರಾಮಸಭೆಯ ಮುಂದಿಟ್ಟು ಊರಿನವರ ಮಾತು ಕೇಳಿರಿ. ಮಜರೆ, ಕೇರಿಗಳ ಹೆಸರುಗಳನ್ನು ಎರಡನೆಯ ಹಂತದಲ್ಲಿ ಸೇರಿಸಿಕೊಂಡರೂ ಆದೀತು. ಬಹಳ ಮುಖ್ಯವಾಗಿ, ಈವರೆಗೆ ಬಳಕೆಯಲ್ಲಿದ್ದ ಬೇರೆ ಸ್ಪೆಲ್ಲಿಂಗುಗಳನ್ನೂ ಅದೇ ಪಟ್ಟಿಯ ಇನ್ನೊಂದು ಕಾಲಂನಲ್ಲಿ ದಾಖಲಿಸಿ, ಅವುಗಳಲ್ಲಿ ಯಾವುದಿದ್ದರೂ ಹಳೆಯ ದಾಖಲೆಯನ್ನು ಅಫಿಡವಿಟ್ ಕೇಳದೆ ಒಪ್ಪಿಕೊಳ್ಳಬೇಕೆಂದು ಜಿಲ್ಲೆಯ ಎಲ್ಲ ಕಚೇರಿಗಳಿಗೆ ಸುತ್ತೋಲೆ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕುಮಟಾ ತಾಲೂಕಿನ ಒಬ್ಬ ನಿವೃತ್ತ ಇಂಗ್ಲಿಷ್ ಶಿಕ್ಷಕ