ಗೋಡೆ ದಾಟಿ ಬಂದ ಅಪ್ಪ

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದ.

ಇಲ್ಲಿ ಐರ್ಲೆಂಡ್‌ನಲ್ಲಿ ನಾವೆಲ್ಲ ಕ್ಷೇಮ. ದಿನಾ ವಾಟ್ಸಾಪ್‌ನಲ್ಲಿ ಮಾತಾಡ್ತೀವಿ, ಮತ್ತೆ ಇದೇನು ಕಾಗದ ಅಂತ ನಗಬೇಡ. ನಿನಗೆ ಒಂದು ವಿಷಯ ಹೇಳಬೇಕಿತ್ತು. ಎರಡು ಸಲ ಫೋನ್ ಕೈಗೆ ತಗೊಂಡೆ, ಹೇಳೋಕೆ ಬಾಯಿ ಬರಲಿಲ್ಲ. ಅದು ಕೊನೆಗೆ ಬರುತ್ತದೆ. ಮೊದಲು ನಾಟಕದ ಕಥೆ ಕೇಳು.

ಶನಿವಾರ ನಿನ್ನ ಅಣ್ಣ ನನ್ನನ್ನು ಅಥ್ಲೋನ್‌ನಿಂದ ಅರ್ಧ ಗಂಟೆ ದೂರದ ಒಂದು ಸಣ್ಣ ಊರಿಗೆ ಕರೆದುಕೊಂಡು ಹೋಗಿದ್ದ. ಚರ್ಚಿನ ಪಕ್ಕ ಒಂದು ಹಾಲ್. ಹೊರಗೆ ಮಳೆ, ಒಳಗೆ ಒದ್ದೆ ಕೋಟುಗಳ ವಾಸನೆ. ಬಾಗಿಲಲ್ಲೇ ಒಬ್ಬ ಅಜ್ಜಿ ಲಾಟರಿ ಚೀಟಿ ಮಾರುತ್ತಾ ಕೂತಿದ್ದರು. ನಾಟಕದ ಖರ್ಚಿಗಂತೆ. ನಮ್ಮೂರಿನ ಗಣೇಶೋತ್ಸವದ ನಾಟಕವೇ ನೆನಪಾಯಿತು.

ಆಡಿದವರೆಲ್ಲ ಹವ್ಯಾಸಿಗಳು. ಮುಖ್ಯ ಪಾತ್ರದವನನ್ನು ನೋಡಿ ನಾನು ನಿನ್ನ ಅಣ್ಣನ ತೊಡೆ ಚಿವುಟಿದೆ. ಹೋದ ತಿಂಗಳು ನಮ್ಮ ಬಾಯ್ಲರ್ ರಿಪೇರಿಗೆ ಬಂದಿದ್ದನಲ್ಲ, ಅವನೇ! ಅವತ್ತು ಅಡುಗೆಮನೆಯ ನೆಲದ ಮೇಲೆ ಮಲಗಿ, ಪೈಪು ತಿರುಗಿಸುತ್ತಾ ಒಂದೇ ಸಮನೆ ಗೊಣಗುತ್ತಿದ್ದ. ಬೈಯುತ್ತಿದ್ದಾನೆ ಅಂದುಕೊಂಡು ನಾನು ಟೀ ಕೊಡಲು ಹೆದರಿದ್ದೆ. ಪಾಪ, ಮಾತು ಬಾಯಿಪಾಠ ಮಾಡುತ್ತಿದ್ದನಂತೆ.

ಈ ದೇಶದಲ್ಲಿ ಇದೊಂದು ಹುಚ್ಚು ಕಣೇ. ವಸಂತಕಾಲ ಬಂದರೆ ಊರೂರಲ್ಲಿ ನಾಟಕ ಸ್ಪರ್ಧೆ. ಒಂದೊಂದು ತಂಡವೂ ಸೆಟ್ ಹೇರಿಕೊಂಡು ಊರಿಂದ ಊರಿಗೆ ಹೋಗುತ್ತದೆ. ಗೆದ್ದವರು ಅಥ್ಲೋನ್‌ನ ಅಖಿಲ ಐರ್ಲೆಂಡ್ ನಾಟಕೋತ್ಸವಕ್ಕೆ ಬರುತ್ತಾರೆ. 1953ರಿಂದ ನಡೆಯುತ್ತಿದೆಯಂತೆ. 1959ರಲ್ಲಿ ಲಿಸ್ಟೋವೆಲ್ ಅನ್ನುವ ಸಣ್ಣ ಊರಿನ ತಂಡವೊಂದು ಇಲ್ಲಿ ಗೆದ್ದಿತ್ತು. ಅವರು ಆಡಿದ್ದು ತಮ್ಮೂರಲ್ಲೇ ಪಬ್ ನಡೆಸುತ್ತಿದ್ದ ಜಾನ್ ಬಿ. ಕೀನ್ ಬರೆದ 'ಸೈವ್'. ಡಬ್ಲಿನ್‌ನ ದೊಡ್ಡ ಆ್ಯಬಿ ಥಿಯೇಟರ್ ಬೇಡ ಅಂದಿದ್ದ ನಾಟಕ ಅದು. ಇಲ್ಲಿಯವರು ಈ ಕಥೆಯನ್ನು ಈಗಲೂ ಬಾಯಿ ಚಪ್ಪರಿಸಿಕೊಂಡು ಹೇಳುತ್ತಾರೆ.

ನಾವು ನೋಡಿದ್ದು ಹ್ಯೂ ಲೆನರ್ಡ್ ಬರೆದ 'ಡಾ'. ಡಾ ಅಂದರೆ ಅಪ್ಪ. 1973ರ ನಾಟಕ. 1978ರಲ್ಲಿ ಅಮೆರಿಕದಲ್ಲಿ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಯೂ ಬಂತು. ಲೆನರ್ಡ್ ಸ್ವತಃ ಸಾಕುಮಗ. ಡಬ್ಲಿನ್ ಹತ್ತಿರದ ಡಾಕಿಯಲ್ಲಿ ಬೆಳೆದವರು. ನಾಟಕದ ಚಾರ್ಲಿಯೂ ಹಾಗೇ. ಸಾಕಿದ ಅಪ್ಪನನ್ನು ಮಣ್ಣು ಮಾಡಿ, ಮನೆ ಖಾಲಿ ಮಾಡೋಣ ಅಂತ ಹಳೇ ಅಡುಗೆಮನೆಯಲ್ಲಿ ಕೂತಿರುತ್ತಾನೆ. ಆಗ ಸತ್ತ ಅಪ್ಪ ಸುಮ್ನೆ ಒಳಗೆ ಬಂದು ತನ್ನ ಕುರ್ಚಿಯಲ್ಲಿ ಕೂತುಬಿಡುತ್ತಾನೆ. ದೆವ್ವ ಅಂದರೆ ಹೆದರಬೇಕಲ್ವಾ? ಮಗ ಸಿಡುಕುತ್ತಾನೆ, ಅಷ್ಟೇ. ಹೋಗು ಅಂದರೂ ಅಪ್ಪ ಹೋಗುವುದಿಲ್ಲ. ಜನ ಬಿದ್ದು ಬಿದ್ದು ನಕ್ಕರು.

ನನಗೂ ನಗು ಬಂತು. ಒಂದು ಕಡೆ ಮಾತ್ರ ನಿಂತುಹೋಯಿತು. ಆ ಅಪ್ಪ ತೋಟದ ಮಾಲಿ. ಐವತ್ತಕ್ಕೂ ಜಾಸ್ತಿ ವರ್ಷ ಒಂದೇ ಮನೆಯಲ್ಲಿ ದುಡಿದವನು. ಕೊನೆಗೆ ಯಜಮಾನಮ್ಮ ಪುಡಿಗಾಸಿನ ಪಿಂಚಣಿ ಕೊಟ್ಟು, ಜೊತೆಗೆ ಒಂದು ವಸ್ತು ಕೊಡುತ್ತಾಳೆ. ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಬೆಂಕಿಯಲ್ಲಿ ಕರಗಿ ಒಂದಕ್ಕೊಂದು ಅಂಟಿಕೊಂಡ ಕನ್ನಡಕಗಳ ಉಂಡೆ! ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಪ್ರಸಾದದ ಹಾಗೆ ನೋಡುತ್ತಾನೆ. ಎಳೇ ವಯಸ್ಸಿನ ಮಗ ಪಕ್ಕದಲ್ಲಿ ಹಲ್ಲು ಕಡಿಯುತ್ತಾ ನಿಂತಿರುತ್ತಾನೆ. ನಾನು ರಿಟೈರ್ ಆದಾಗ ಆಫೀಸಿನಲ್ಲಿ ಕೊಟ್ಟ ಗೋಡೆ ಗಡಿಯಾರ ಎರಡೇ ತಿಂಗಳಿಗೆ ನಿಂತಿತ್ತು. ತೆಗೆದು ಬಿಸಾಕು ಅಂತ ನೀನು ಎಷ್ಟು ರೇಗಿದ್ದೆ, ನೆನಪಿದೆಯಾ? ಈಗಲೂ ಅದು ಅಲ್ಲೇ ಇದೆ. ಆ ಹುಡುಗನ ಮುಖ ನೋಡಿ ನಿನ್ನ ಮುಖ ನೋಡಿದ ಹಾಗೆ ಆಯಿತು.

ಕೊನೆಯಲ್ಲಿ ಚಾರ್ಲಿ ಮನೆಗೆ ಬೀಗ ಹಾಕಿ ಬೀಗದ ಕೈ ಎಸೆಯುತ್ತಾನೆ. ಅದು ಬಂದು ಮೊದಲ ಸಾಲಿನ ಒಬ್ಬರ ಟೀ ಲೋಟಕ್ಕೆ ಠಣ್ ಅಂತ ತಾಗಿತು. ಇಡೀ ಹಾಲ್ ನಕ್ಕಿತು. ಆ ನಗು ಇಳಿಯುವ ಹೊತ್ತಿಗೆ ಅಪ್ಪ ಗೋಡೆ ಇಲ್ಲದ ಕಡೆಯಿಂದ, ಅಂದರೆ ನಮ್ಮ ಎದುರಿನಿಂದಲೇ ಹೊರಗೆ ಬಂದು ಮಗನ ಹಿಂದೆ ಹೊರಟೇಬಿಟ್ಟ.

ಆಮೇಲೆ ಇನ್ನೊಂದು ತಮಾಷೆ. ನಾಟಕ ಮುಗಿದರೂ ಯಾರೂ ಏಳಲಿಲ್ಲ. ತೀರ್ಪುಗಾರರು ವೇದಿಕೆ ಹತ್ತಿ, ಎಲ್ಲರ ಮುಂದೆಯೇ ಸರಿ ತಪ್ಪು ಬಿಡಿಸಿ ಹೇಳಿದರು. ಅಪ್ಪನ ಪಾತ್ರವನ್ನು ಹೊಗಳಿದರು. ಕೂಡಲೇ, "ಆದರೆ ನಿಮ್ಮ ಕೆಟಲ್‌ನಲ್ಲಿ ನೀರಿರಲಿಲ್ಲ, ಎತ್ತಿದ ಕೈಯೇ ಹೇಳಿತು" ಅಂದರು. ನಾನು ಅದನ್ನು ಗಮನಿಸಿರಲೇ ಇಲ್ಲ. ನಮ್ಮ ಕಡೆ ಹೀಗೆ ಹೇಳಿದ್ದರೆ ಅರ್ಧ ತಂಡ ಮುನಿಸಿಕೊಂಡು ಮನೆಗೆ ಹೋಗುತ್ತಿತ್ತು. ಬಾಯ್ಲರ್‌ನವನು ಮೂಲೆಯಲ್ಲಿ ನಿಂತು ತಲೆ ಆಡಿಸುತ್ತಿದ್ದ.

ಈಗ ಆ ವಿಷಯ. ನಾಟಕದಲ್ಲಿ ಚಾರ್ಲಿ ಲಂಡನ್‌ನಿಂದ ಅಪ್ಪನಿಗೆ ದುಡ್ಡು ಕಳಿಸುತ್ತಿರುತ್ತಾನೆ. ಚಿಕ್ಕಂದಿನಲ್ಲಿ ಅಪ್ಪ ಕೊಟ್ಟದ್ದೆಲ್ಲ ತೀರಲಿ, ಲೆಕ್ಕ ಚುಕ್ತಾ ಆಗಲಿ ಅಂತ. ಅಪ್ಪ ಸತ್ತ ಮೇಲೆ ಗೊತ್ತಾಗುತ್ತದೆ, ಮುದುಕ ಅದನ್ನು ಮುಟ್ಟೇ ಇಲ್ಲ. ಮಗನಿಗೇ ಬಿಟ್ಟು ಹೋಗಿದ್ದಾನೆ. ಮಗನಿಗೆ ಬರುವ ಸಿಟ್ಟು ನೋಡಬೇಕಿತ್ತು ನೀನು. ನಾನು ಕತ್ತಲಲ್ಲಿ ಕುರ್ಚಿಯಲ್ಲೇ ಕುಗ್ಗಿ ಕೂತಿದ್ದೆ.

ಪುಟ್ಟಿ, ನೀನು ನಾಲ್ಕು ವರ್ಷದಿಂದ ತಿಂಗಳು ತಿಂಗಳು ಹಾಕುವ ಹತ್ತು ಸಾವಿರ ಇದೆಯಲ್ಲ, ಅದರಲ್ಲಿ ಒಂದು ರೂಪಾಯಿಯನ್ನೂ ನಾನು ತೆಗೆದಿಲ್ಲ. ಎಲ್ಲ ನಿನ್ನ ಹೆಸರಿಗೇ ಎಫ್.ಡಿ. ಮಾಡಿಸಿದ್ದೇನೆ. ಹಲ್ಲು ಕಟ್ಟಿಸಿದೆ, ಮನೆಯ ಮಾಡು ರಿಪೇರಿ ಮಾಡಿಸಿದೆ ಅಂದದ್ದೆಲ್ಲ ಸುಳ್ಳು. ಹಲ್ಲು ಹಾಗೇ ಇದೆ. ಬೈಯಬೇಡ.

ಈ ತಿಂಗಳದ್ದೊಂದನ್ನು ತೆಗೆದೆ. ಮೊನ್ನೆ ಅಂಗಡಿಯಲ್ಲಿ ಒಂದು ಉಣ್ಣೆ ಟೋಪಿ ಕೊಂಡೆ, ಇಲ್ಲಿಯ ಮುದುಕರು ಹಾಕುವಂಥದ್ದು. 35 ಯೂರೋ! ಅಣ್ಣ ಕೊಡಲು ಬಂದ. ಬೇಡ, ಇದು ನನ್ನ ಮಗಳ ದುಡ್ಡು ಅಂದೆ. ಫೋಟೋ ಅತ್ತಿಗೆ ಕಳಿಸುತ್ತಾಳೆ, ನೋಡು.

ಎಫ್.ಡಿ. ಮಾತ್ರ ಜೂನ್ ತನಕ ಮುರಿಸುವುದಿಲ್ಲ. ಬಡ್ಡಿ ಹೋಗುತ್ತೆ.

ಇಂತಿ,
ನಿನ್ನ ಅಪ್ಪ