ಫುಟ್‌ಬಾಲ್ ಸೀಸನ್‌ನಲ್ಲಿ ಶನಿವಾರದ ಪಿಕಪ್ ಸಮಯ ಬದಲಾಗುತ್ತಿದೆ

ನೇಪರ್‌ವಿಲ್, ಆಗಸ್ಟ್ 2025

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಸೆಪ್ಟೆಂಬರ್ ಮೊದಲ ವಾರದಿಂದ ಶನಿವಾರದ ಊಟದ ವ್ಯವಸ್ಥೆಯಲ್ಲಿ ಒಂದು ಬದಲಾವಣೆ ಮಾಡುತ್ತಿದ್ದೇವೆ. ನಾರ್ತ್ ಸೆಂಟ್ರಲ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಊರಲ್ಲೇ ಆಡುವ ಶನಿವಾರಗಳಂದು ಮಧ್ಯಾಹ್ನದ ಪಿಕಪ್ ಇರುವುದಿಲ್ಲ. ಬೆಳಿಗ್ಗೆ 8ರಿಂದ 10:30ರೊಳಗೆ ಬಂದು ಡಬ್ಬಿ ತೆಗೆದುಕೊಂಡು ಹೋಗಿ. ಬೆಳಿಗ್ಗೆ ಆಗದವರಿಗೆ ಹಿಂದಿನ ದಿನ ಶುಕ್ರವಾರ ಸಂಜೆ 5ರಿಂದ 8ರವರೆಗೆ ಅಡುಗೆ ಸಿದ್ಧವಿರುತ್ತದೆ. ತಂಡ ಬೇರೆ ಊರಿಗೆ ಆಡಲು ಹೋದ ಶನಿವಾರ ಎಲ್ಲವೂ ಎಂದಿನಂತೆ. ದರ ಹೆಚ್ಚಿಸಿಲ್ಲ.

ನಮ್ಮ ಅಡುಗೆಮನೆಯಿಂದ ತಂಡ ಆಡುವ ಬೆನೆಡೆಟ್ಟಿ ವೆರ್ಲಿ ಸ್ಟೇಡಿಯಂಗೆ ನಡೆದೇ ಹೋಗಬಹುದು. ಕಳೆದ ವರ್ಷ ಆಟದ ದಿನ ನಿಮ್ಮಲ್ಲಿ ಹಲವರು ಪಾರ್ಕಿಂಗ್ ಸಿಗದೆ ಸುತ್ತು ಹೊಡೆದದ್ದನ್ನು ನೋಡಿದ್ದೇವೆ. ಹನ್ನೊಂದಕ್ಕೆ ಒಲೆಯಿಂದ ಇಳಿಸಿದ ಬಿಸಿಬೇಳೆಬಾತ್ ಎರಡು ಗಂಟೆಯ ಹೊತ್ತಿಗೆ ಗಟ್ಟಿ ಕಟ್ಟಿ, ಸೌಟು ನೆಟ್ಟರೆ ನೆಟ್ಟಗೆ ನಿಲ್ಲುತ್ತದೆ. ಅದಕ್ಕೆ ಬಿಸಿನೀರು ಸುರಿದು ಸಡಿಲ ಮಾಡಿ ಕೊಡುವುದಕ್ಕೆ ನಮಗೆ ಮನಸ್ಸಿಲ್ಲ.

ಅಡುಗೆಮನೆಯನ್ನೇ ಬೇರೆ ಕಡೆಗೆ ಒಯ್ಯಬಾರದೇಕೆ ಎಂದು ಕೆಲವರು ಕೇಳಿದಿರಿ. ಈ ತಂಡದ ಪಕ್ಕದಲ್ಲೇ ಇರಬೇಕೆಂಬುದು ನಮ್ಮ ಆಸೆ, ಅದನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಟಿವಿಯಲ್ಲಿ ಬರುವ ದೊಡ್ಡ ವಿಶ್ವವಿದ್ಯಾಲಯಗಳ ಫುಟ್‌ಬಾಲೇ ಬೇರೆ, ಇದೇ ಬೇರೆ. ಇದು ಅಮೆರಿಕದ ಕಾಲೇಜು ಕ್ರೀಡೆಗಳ ಮೂರನೇ ಡಿವಿಷನ್, ಅಂದರೆ ಮೂರನೇ ಹಂತ. ಇಲ್ಲಿ ಆಟಕ್ಕೆಂದು ಒಂದು ಡಾಲರ್ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಹುಡುಗರು ಓದಿಗೆ ಫೀಸು ಕಟ್ಟಿ, ಕ್ಲಾಸು ಮುಗಿಸಿ, ಆಮೇಲೆ ಮೈದಾನಕ್ಕೆ ಬರುತ್ತಾರೆ. ಹಾಗಿದ್ದೂ ಈ ಕಾಲೇಜು 2019, 2022 ಮತ್ತು 2024ರ ಸೀಸನ್‌ಗಳಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದೆ. ಕೋವಿಡ್‌ನಿಂದ ಟೂರ್ನಿಯೇ ನಡೆಯದ 2020 ಬಿಟ್ಟರೆ, 2019ರಿಂದ 2024ರವರೆಗಿನ ಪ್ರತಿಯೊಂದು ಫೈನಲ್‌ನಲ್ಲೂ ನಮ್ಮೂರ ಕೆಂಪು ಜೆರ್ಸಿ ಇತ್ತು.

ನಮ್ಮನ್ನು ಹೆಚ್ಚು ಹಿಡಿದಿಟ್ಟದ್ದು ಮಾತ್ರ ಸೋತ ಫೈನಲ್. 2023ರ ಡಿಸೆಂಬರ್, ವರ್ಜೀನಿಯಾದ ಸೇಲಂನಲ್ಲಿ ಕಾರ್ಟ್‌ಲ್ಯಾಂಡ್ ಕಾಲೇಜು ತಂಡದ ಎದುರು. ಅಲ್ಲಿಗೆ ಹೋಗುವಾಗ ತಂಡ ಸತತ 29 ಪಂದ್ಯ ಗೆದ್ದಿತ್ತು. ಆಟ ಮುಗಿಯುವ ಹೊತ್ತಿಗೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ (ಇದೇ ಟಚ್‌ಡೌನ್, ಆರು ಪಾಯಿಂಟ್) 38ಕ್ಕೆ 37ರವರೆಗೆ ಬಂದರು. ಚೆಂಡನ್ನು ಒದ್ದು ಒಂದು ಪಾಯಿಂಟ್ ತೆಗೆದುಕೊಂಡರೆ ಸಮ. ಅದು ಬೇಡವೆಂದರೆ ಮೂರು ಗಜ ದೂರದಿಂದ ಇನ್ನೊಂದೇ ಒಂದು ಆಟ. ಗೆರೆ ದಾಟಿದರೆ ಎರಡು ಪಾಯಿಂಟ್, ಗೆಲುವು. ಕೋಚ್ ಬ್ರಾಡ್ ಸ್ಪೆನ್ಸರ್ ಎರಡಕ್ಕೇ ಕೈ ಹಾಕಿದರು. ಆಗಲಿಲ್ಲ. ಒಂದೇ ಪಾಯಿಂಟ್‌ನಲ್ಲಿ ಸೋತರು. ಆ ನಿರ್ಧಾರ ಸರಿಯಾಗಿತ್ತೆಂದೇ ನಾವು ಇವತ್ತಿಗೂ ವಾದಿಸುತ್ತೇವೆ. ಮರುವರ್ಷ ಅದೇ ತಂಡ 15 ಪಂದ್ಯ ಆಡಿ ಹದಿನೈದನ್ನೂ ಗೆದ್ದಿತು. ಈ ವರ್ಷದ ಜನವರಿಯಲ್ಲಿ ಹ್ಯೂಸ್ಟನ್‌ನಲ್ಲಿ ಮೌಂಟ್ ಯೂನಿಯನ್ ತಂಡವನ್ನು 41-25ರಿಂದ ಸೋಲಿಸಿ ಕಪ್ ತಂದಿತು.

ಇನ್ನು ನಿಮ್ಮ ಆರ್ಡರ್‌ಗೆ ಸಂಬಂಧಿಸಿದ ವಿಷಯ. ಮಾಮೂಲಿ ಸೀಸನ್‌ನ ಹತ್ತು ಪಂದ್ಯಗಳ ದಿನಾಂಕ ಮೊದಲೇ ಗೊತ್ತಿರುತ್ತದೆ. ಊರಲ್ಲಿ ನಡೆಯುವ ಪಂದ್ಯಗಳ ಪಟ್ಟಿಯನ್ನು ಕೌಂಟರ್ ಮೇಲೆ ಅಂಟಿಸುತ್ತೇವೆ, ವಾಟ್ಸಾಪ್ ಗುಂಪಿಗೂ ಹಾಕುತ್ತೇವೆ. ತೊಡಕಿರುವುದು ನವೆಂಬರ್ ಕೊನೆಯ ಭಾಗದಲ್ಲಿ ಶುರುವಾಗುವ ಪ್ಲೇಆಫ್‌ನಲ್ಲಿ, ಅಂದರೆ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಟೂರ್ನಿಯಲ್ಲಿ. ಕಳೆದ ವರ್ಷದಿಂದ 32ರ ಬದಲು 40 ತಂಡಗಳಿಗೆ ಅವಕಾಶವಿದೆ. ಸೋತವರು ಅಲ್ಲಿಗೇ ಮನೆಗೆ. ಸೆಮಿಫೈನಲ್‌ವರೆಗಿನ ಆಟಗಳೆಲ್ಲ ಆಡುವ ಕಾಲೇಜುಗಳ ಮೈದಾನಗಳಲ್ಲೇ ನಡೆಯುತ್ತವೆ. ಶನಿವಾರ ಗೆದ್ದ ಮೇಲಷ್ಟೇ ಮುಂದಿನ ಶನಿವಾರ ಎಲ್ಲಿ, ಯಾರ ಜೊತೆ ಎಂಬುದು ತಿಳಿಯುವುದು. ಹೀಗಾಗಿ ಆ ವಾರಗಳಲ್ಲಿ ಭಾನುವಾರ ರಾತ್ರಿ ನಿಮಗೆ ಮೆಸೇಜ್ ಕಳಿಸುತ್ತೇವೆ. ನೀವು ಬುಧವಾರ ರಾತ್ರಿಯೊಳಗೆ ಆರ್ಡರ್ ತಿಳಿಸಿದರೆ ಸಾಕು. ತಂಡ ಗೆಲ್ಲುತ್ತಾ ಹೋದರೆ ಇದು ಕ್ರಿಸ್‌ಮಸ್ ಹತ್ತಿರದವರೆಗೂ ನಡೆಯುತ್ತದೆ. ನಡೆಯಲಿ ಎಂದೇ ನಮ್ಮ ಹಾರೈಕೆ.

ತಿಂಗಳ ಚಂದಾದಾರರು ಸಮಯ ಹೊಂದದೆ ಒಂದು ಶನಿವಾರದ ಊಟ ಬಿಟ್ಟರೆ ಆ ಹಣ ಮುಂದಿನ ತಿಂಗಳಿಗೆ ಜಮೆಯಾಗುತ್ತದೆ. ವಯಸ್ಸಾದ ಅಪ್ಪ ಅಮ್ಮ ಮಾತ್ರ ಮನೆಯಲ್ಲಿದ್ದು, ಕಾರು ಓಡಿಸುವವರಿಲ್ಲದಿದ್ದರೆ ನಮಗೆ ಒಂದು ಫೋನ್ ಮಾಡಿ. ಶುಕ್ರವಾರ ಸಂಜೆ ನಾವೇ ತಂದುಕೊಡುತ್ತೇವೆ, ಅದಕ್ಕೆ ಬೇರೆ ಚಾರ್ಜ್ ಇಲ್ಲ. ಶುಕ್ರವಾರ ಒಯ್ಯುವವರಿಗೆ ಮರುದಿನಕ್ಕೂ ರುಚಿ ಕೆಡದ ಪುಳಿಯೋಗರೆ, ಚಪಾತಿ, ಎಣ್ಣೆಗಾಯಿ ಮಾಡುತ್ತೇವೆ. ಡಬ್ಬಿಯಲ್ಲಿ ಬಿಸಿಬೇಳೆಬಾತ್, ಅಕ್ಕಿರೊಟ್ಟಿ ಶನಿವಾರ ಬೆಳಿಗ್ಗೆ ಮಾತ್ರ.

ಆಟದ ದಿನ 11ರ ನಂತರ ನಮ್ಮ ಕಿಟಕಿಯಲ್ಲಿ ಸ್ಟೇಡಿಯಂಗೆ ನಡೆದು ಹೋಗುವವರಿಗಾಗಿ ಕಪ್‌ಗಳಲ್ಲಿ ಬಿಸಿಬೇಳೆಬಾತ್, ಫಿಲ್ಟರ್ ಕಾಫಿ ಇರುತ್ತದೆ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಬನ್ನಿ. ಪಕ್ಕದ ಊರಿನ ವೀಟನ್ ಕಾಲೇಜಿನ ಜೊತೆ ಪುಟ್ಟ ಹಿತ್ತಾಳೆ ಗಂಟೆಗಾಗಿ ನಡೆಯುವ ಪಂದ್ಯವನ್ನಂತೂ ತಪ್ಪಿಸಿಕೊಳ್ಳಬೇಡಿ. ನಿಯಮ ಗೊತ್ತಿಲ್ಲವೆಂಬ ಸಂಕೋಚ ಬೇಡ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತದೆ. ಇಷ್ಟು ತಿಳಿದರೆ ಆಟ ನೋಡಲು ಅಡ್ಡಿಯಿಲ್ಲ.

ಗೌರಿ ಗಣೇಶ ಹಬ್ಬದ ಕಡುಬು, ಚಕ್ಕುಲಿ, ಹೋಳಿಗೆ ಆರ್ಡರ್‌ಗಳಿಗೆ ಈ ಬದಲಾವಣೆ ಅನ್ವಯಿಸುವುದಿಲ್ಲ. ಅವು ಈ ತಿಂಗಳ 26 ಮತ್ತು 27ರಂದು ಎಂದಿನ ಹೊತ್ತಿಗೇ ಸಿಗುತ್ತವೆ.

ಇಂತಿ,
ಅಡುಗೆಮನೆಯ ಬಳಗ