ಇದ್ದಿಲಿನಲ್ಲಿ ಕಾರಂತರು

ಮ್ಯೂನಿಕ್

ತೀರ್ಥರೂಪ ಅಪ್ಪನಿಗೆ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಕುಂಬಳೆಯಲ್ಲಿ ಮಳೆ ಬಿಡುತ್ತಿಲ್ಲ, ಅಡಿಕೆಗೆ ಮದ್ದು ಬಿಡಲು ಜನ ಸಿಕ್ಕಿಲ್ಲ ಎಂದು ಅಮ್ಮನ ಫೋನಿನಿಂದ ತಿಳಿಯಿತು.

ಊರಿಗೆ ಹೊರಟವರೊಬ್ಬರ ಕೈಯಲ್ಲಿ ಒಂದು ಚಿತ್ರ ಕಳಿಸುತ್ತಿದ್ದೇನೆ. ಶಿವರಾಮ ಕಾರಂತರದ್ದು, ಸಂಜೆಯ ಚಿತ್ರಕಲಾ ತರಗತಿಯಲ್ಲಿ ಇದ್ದಿಲಿನಿಂದ ಬಿಡಿಸಿದ್ದು. ಇಷ್ಟದ ಲೇಖಕರ ಮುಖ ಬರೆಯಿರಿ ಎಂದಾಗ ನನಗೆ ಬೇರೆ ಯಾರೂ ನೆನಪಾಗಲಿಲ್ಲ.

ಇದು ನಮ್ಮ ಬಚ್ಚಲೊಲೆಯ ಇದ್ದಿಲಲ್ಲ ಅಪ್ಪ. ವಿಲ್ಲೋ ಎಂಬ ಮರದ ಸಪೂರ ಕಡ್ಡಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಸುಟ್ಟದ್ದು. ಬೆರಳು ತಾಗಿದರೂ ಸರಿದುಹೋಗುತ್ತದೆ. ಕಾರಂತರ ಆ ಬಿಳಿ ಕೂದಲಿದೆಯಲ್ಲ, ಅದನ್ನು ನಾನು ಬರೆದೇ ಇಲ್ಲ. ಮೊದಲು ಇಡೀ ಹಾಳೆಗೆ ಇದ್ದಿಲು ಉಜ್ಜಿ ಬೂದು ಮಾಡಿಕೊಂಡು, ಚಪಾತಿ ಹಿಟ್ಟಿನಂತೆ ನಾದಲು ಬರುವ ಮೆತ್ತನೆಯ ರಬ್ಬರಿನಿಂದ ಎಳೆಎಳೆಯಾಗಿ ಮಸಿ ಎತ್ತಿದೆ. ಕೂದಲಾಗಿ ಕಾಣುವುದು ಕಾಗದವೇ. ಕನ್ನಡಕದ ಚೌಕಟ್ಟಿಗೆ ಮಾತ್ರ ಅಂಟು ಸೇರಿಸಿ ಒತ್ತಿದ ಗಟ್ಟಿ ಇದ್ದಿಲು ಬಳಸಿದೆ; ಅದರ ಕಪ್ಪು ಸುಲಭಕ್ಕೆ ಅಳಿಯುವುದಿಲ್ಲ.

ಇವರಿಗೆ ಏನು ಪ್ರಶಸ್ತಿ ಬಂದಿತ್ತು ಎಂದು ತರಗತಿಯವರು ಕೇಳಿದರು. 1977ರ ಜ್ಞಾನಪೀಠಕ್ಕಿಂತ ಮೊದಲು ನಾನು ಹೇಳಿದ್ದು, ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಅವರು ಹಿಂತಿರುಗಿಸಿದ ಪದ್ಮಭೂಷಣದ ವಿಷಯ. ಕಣ್ಣು ಬಿಡಿಸುವಾಗ ನನ್ನ ಮನಸ್ಸಿನಲ್ಲಿದ್ದದ್ದೂ ಆ ಮನುಷ್ಯನೇ.

ನಿಮಗೆ ಅವರ ಮೇಲೆ ಒಂದು ತಕರಾರು ಉಂಟು, ಗೊತ್ತು. ಯಕ್ಷಗಾನ ರಾಮಾಯಣದ ಪ್ರಸಂಗಗಳನ್ನು ಬರೆದ ಕವಿ ನಮ್ಮ ಕುಂಬಳೆಯ ಪಾರ್ತಿಸುಬ್ಬ ಎಂಬುದನ್ನು ಅವರು ಒಪ್ಪಲಿಲ್ಲ. ಅವು ಸುಬ್ಬನವೇ ಎಂಬ ವಿದ್ವಾಂಸ ಮುಳಿಯ ತಿಮ್ಮಪ್ಪಯ್ಯನವರ ವಾದವೇ ಸರಿ ಎಂದು ನೀವು ಎಷ್ಟು ಸಲ ಹೇಳಿದ್ದೀರಿ! ನನಗೂ ಸುಬ್ಬ ಕುಂಬಳೆಯವನೇ. ಆದರೆ ಹಳೆಯ ಹಸ್ತಪ್ರತಿಗಳನ್ನು ಹುಡುಕಿ ‘ಯಕ್ಷಗಾನ ಬಯಲಾಟ’ ಬರೆದವರೂ ಕಾರಂತರೇ ಅಲ್ಲವೇ? 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಅದಕ್ಕೆ, ಕಾದಂಬರಿಗಲ್ಲ. ನಮ್ಮ ಆಟಕ್ಕಾಗಿ ಅಷ್ಟು ದುಡಿದವರ ಚಿತ್ರ ನಮ್ಮ ಮನೆಯಲ್ಲಿರಬೇಕು. ‘ಚೋಮನ ದುಡಿ’ಯನ್ನು ನಮಗೆ ಓದಿ ಹೇಳುತ್ತ ಗಂಟಲು ಕಟ್ಟಿ ನಿಲ್ಲಿಸುತ್ತಿದ್ದವರು ನೀವೇ ಅಲ್ಲವೇ.

ಇದ್ದಿಲು ಉದುರದಂತೆ ಸ್ಪ್ರೇ ಹೊಡೆದಿದ್ದೇನೆ, ಆದರೂ ಕೈ ತಾಗಿಸಬೇಡಿ. ಕಟ್ಟು ಹಾಕಿಸುವಾಗ ಗಾಜು ಕಾಗದಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಇಡಲು ಹೇಳಿ. ಚಾವಡಿಯ ಪಡುಗೋಡೆ ಬೇಡ, ಮಳೆಗಾಲದಲ್ಲಿ ಅದು ಒದ್ದೆಯಾಗುತ್ತದೆ. ನಿಮ್ಮ ಪುಸ್ತಕದ ಕಪಾಟಿನ ಪಕ್ಕ ಆದೀತು.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಪ್ರೀತಿಯ ಮಗಳು